ಆಟವೂ ಓಡಾಟವೂ: ಸೈಕಲ್ಲು ಮತ್ತು ನಗರಾಡಳಿತ

ಸೈಕಲ್ಲಿನ ವಿಷಯದಲ್ಲಿ ಕನ್ನಡಕ್ಕೆ 'ತುಳಿ' ಎಂಬ ಧಾತುವೊಂದೇ ಸಾಕಾಗಿದೆ. ಪದಕಕ್ಕಾಗಿ ಸ್ಪರ್ಧಿಸುವ ಪಟುವೂ ಸೈಕಲ್ಲು ತುಳಿಯುತ್ತಾನೆ. ನಸುಕಿನಲ್ಲಿ ಹಾಲಿನ ಕ್ಯಾನುಗಳನ್ನು ತೂಗುಹಾಕಿಕೊಂಡು ಬರುವವನೂ ತುಳಿಯುತ್ತಾನೆ. ಪಾಠಶಾಲೆಗೆ ಹೊರಟ ಬಾಲಿಕೆಯೂ ತುಳಿಯುತ್ತಾಳೆ. ಆಟಕ್ಕೊಂದು, ಓಡಾಟಕ್ಕೊಂದು ಎಂದು ಭಾಷೆಯು ಭೇದವೆಣಿಸಿಲ್ಲ. ಆಡಳಿತದ ಕಡತಗಳಲ್ಲಾದರೋ ಈ ಭೇದವುಂಟು. ಪಂದ್ಯವೆಂದರೆ ಕ್ರೀಡಾ ಇಲಾಖೆಯ ಮಾತು, ರಸ್ತೆಯೆಂದರೆ ಇಂಜಿನಿಯರರ ಮಾತು. ಇಬ್ಬರ ನಡುವೆ ಸೈಕಲ್ಲು ಅನಾಥವಾಗುತ್ತದೆ. ಇವೆರಡನ್ನೂ ಒಂದೇ ಹೊಣೆಯೆಂದು ನಗರಾಡಳಿತವು ಏಕೆ ಹೊರಬೇಕು, ಹೇಗೆ ಹೊರಬೇಕು ಎಂಬುದು ವಿಚಾರಾರ್ಹವಾದ ಸಂಗತಿ.

ಇದಕ್ಕೆ ವಿಜಯಪುರವು ತಕ್ಕ ನಿದರ್ಶನ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ಸೈಕಲ್ ಪಟುಗಳ ತವರೆಂದು ನಾಡಿನಲ್ಲೆಲ್ಲ ಪ್ರಸಿದ್ಧವಾಗಿವೆ. ಬಯಲುಸೀಮೆಯ ಸಮತಟ್ಟಾದ ನೆಲ, ಊರೂರುಗಳ ನಡುವಣ ದೂರ, ಬೇಸಾಯದ ಮನೆತನಗಳ ಮಕ್ಕಳ ಮೈಕಸುವು—ಇವು ಈ ಕೀರ್ತಿಗೆ ಒದಗಿಬಂದ ಸಾಮಗ್ರಿಗಳು. ಆದರೆ ಸ್ಪರ್ಧೆಯ ಅಭ್ಯಾಸಕ್ಕೆ ದೀರ್ಘವಾದ ಹಾದಿ ಬೇಕು. ವಿಜಯಪುರದ ಮೂಲಕ ಹಾಯುವ 50 ಮತ್ತು 52ನೆಯ ಸಂಖ್ಯೆಯ ರಾಷ್ಟ್ರೀಯ ಹೆದ್ದಾರಿಗಳಲ್ಲಿ ಲಾರಿಗಳ ಮಗ್ಗುಲಲ್ಲಿ ಅಭ್ಯಾಸ ಮಾಡುವುದೆಂದರೆ ಪ್ರಾಣವನ್ನು ಪಣಕ್ಕೊಡ್ಡಿದಂತೆಯೇ ಸರಿ. ಚಲಿಸುವ ವಾಹನದ ಶಕ್ತಿಯು ಅದರ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. ವೇಗ ಇಮ್ಮಡಿಯಾದರೆ ಆಘಾತವು ನಾಲ್ಮಡಿ. ಆದ್ದರಿಂದ ಒಂದೇ ಹಾದಿಯಲ್ಲಿ ಅತಿವೇಗದ ಲಾರಿಯನ್ನೂ ಸೈಕಲ್ಲನ್ನೂ ಜೊತೆಗೂಡಿಸುವುದು ವಿವೇಕವಲ್ಲ.

ಇದಕ್ಕೆ ವೆಲೋಡ್ರೋಮ್ ಒಂದೇ ಪರಿಹಾರವೆಂದು ಕೆಲವರು ತಿಳಿಯುತ್ತಾರೆ. ವೆಲೋಡ್ರೋಮ್ ಎಂದರೆ ತಿರುವುಗಳಲ್ಲಿ ಇಳಿಜಾರಾಗಿ ಏರಿಸಿದ ಅಂಡಾಕಾರದ ಓಟದ ಪಥ. ಇಂದಿನ ಒಲಿಂಪಿಕ್ ಸ್ಪರ್ಧೆಗಳ ಪಥವು 250 ಮೀಟರ್ ಸುತ್ತಳತೆಯದು. ಅದು ಬೇಕಾದದ್ದೇ ಸರಿ. ಆದರೆ ಅಷ್ಟರಿಂದಲೇ ಸಾಲದು. ನೀರು ತರುವ ಹಳ್ಳವನ್ನು ಮುಚ್ಚಿ ಕೆರೆಯ ಏರಿಯನ್ನಷ್ಟೇ ಎತ್ತರಿಸಿದರೆ ಕೆರೆ ತುಂಬುವುದೆಂತು? ದಿನವೂ ನಿರ್ಭಯವಾಗಿ ಸೈಕಲ್ಲು ತುಳಿದು ಶಾಲೆಗೆ ಹೋಗುವ ನೂರಾರು ಮಕ್ಕಳೇ ಆ ಹಳ್ಳ. ಅವರಲ್ಲೊಬ್ಬನು ಪಟುವಾಗುತ್ತಾನೆ; ಉಳಿದವರು ಆರೋಗ್ಯವಂತರಾದ ಪೌರರಾಗುತ್ತಾರೆ. ಎರಡೂ ಲಾಭವೇ.

ಕರ್ನಾಟಕ ಸರ್ಕಾರವು 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ಲು ನೀಡುವ ಯೋಜನೆಯನ್ನು ಆರಂಭಿಸಿತು. ದೂರದ ಕಾರಣದಿಂದ ಓದು ಬಿಡುವ ಹೆಣ್ಣುಮಕ್ಕಳಿಗೆ ಇಂತಹ ನೆರವಿನ ಬೆಲೆ ಎಷ್ಟೆಂಬುದನ್ನು ಹೇಳಬೇಕಾಗಿಲ್ಲ. ಸೈಕಲ್ಲು ಕೊಟ್ಟದ್ದು ಸರ್ಕಾರ. ಹಾದಿ ಕೊಡಬೇಕಾದದ್ದು ಪಾಲಿಕೆ, ನಗರಸಭೆಗಳು. 1992ರಲ್ಲಿ ಸಂವಿಧಾನಕ್ಕೆ ಆದ 74ನೆಯ ತಿದ್ದುಪಡಿಯು ಹನ್ನೆರಡನೆಯ ಅನುಸೂಚಿಯನ್ನು ಸೇರಿಸಿತು. ನಗರಾಡಳಿತಕ್ಕೆ ವಹಿಸಬಹುದಾದ 18 ವಿಷಯಗಳಲ್ಲಿ ರಸ್ತೆ, ಸೇತುವೆಗಳೂ ಇವೆ. ಉದ್ಯಾನ, ಆಟದ ಬಯಲುಗಳೂ ಇವೆ. ಓಡಾಟವೂ ಆಟವೂ ಒಂದೇ ಪಟ್ಟಿಯಲ್ಲಿ ಸೇರಿರುವಾಗ 'ಇದು ನಮ್ಮ ಕೆಲಸವಲ್ಲ' ಎಂಬ ಮಾತಿಗೆ ಎಡೆಯಿಲ್ಲ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯೂ ರಸ್ತೆಯ ಹಂಚಿಕೆಯಲ್ಲಿ ವಾಹನಗಳಿಗಿಂತ ಜನರೇ ಮುಖ್ಯರೆಂದು ಸಾರಿದೆ.

ಪರದೇಶಗಳ ಅನುಭವವೂ ಬೋಧಪ್ರದವಾಗಿದೆ. ಸೈಕಲ್ಲಿನ ನಾಡೆನಿಸಿದ ನೆದರ್ಲೆಂಡ್ಸ್ ದೇಶವು ಮೊದಲಿನಿಂದಲೂ ನಿಶ್ಚಿಂತವಾಗಿರಲಿಲ್ಲ. 1971ರಲ್ಲಿ ಅಲ್ಲಿ ರಸ್ತೆಯ ಅಪಘಾತಗಳಿಂದ ಮೂರು ಸಾವಿರಕ್ಕೂ ಹೆಚ್ಚು ಜನ ಮಡಿದರು. ಅವರಲ್ಲಿ ನಾನೂರಕ್ಕೂ ಹೆಚ್ಚು ಮಂದಿ ಮಕ್ಕಳು. ಶಿಶುಗಳ ಕೊಲೆ ನಿಲ್ಲಲಿ ಎಂದು ತಾಯ್ತಂದೆಯರು ಬೀದಿಗಿಳಿದರು. 1973ರ ತೈಲದ ಅಭಾವವೂ ಆಳುವವರ ಕಣ್ಣು ತೆರೆಸಿತು. ಗ್ರೋನಿಂಗನ್ ನಗರವು 1977ರಲ್ಲಿ ತನ್ನ ನಡುಭಾಗವನ್ನು ನಾಲ್ಕು ಖಂಡಗಳಾಗಿ ವಿಭಜಿಸಿ, ಕಾರುಗಳು ಒಂದರಿಂದ ಇನ್ನೊಂದಕ್ಕೆ ನೇರವಾಗಿ ಹಾಯದಂತೆ ವ್ಯವಸ್ಥೆಗೊಳಿಸಿತು. ಸೈಕಲ್ಲುಗಳಿಗೆ ಮಾತ್ರ ನೇರ ದಾರಿ ಉಳಿಯಿತು. ವರ್ತಕರು ವಿರೋಧಿಸಿದರೂ ನಗರಸಭೆ ಹಿಂದೆಗೆಯಲಿಲ್ಲ. ಕೊಲಂಬಿಯಾದ ಬೊಗೊಟಾ ನಗರದಲ್ಲಿ 1974ರಿಂದ ಬೆಳೆದು ಬಂದ ಪದ್ಧತಿಯಂತೆ ಭಾನುವಾರಗಳಂದು ನೂರಕ್ಕೂ ಹೆಚ್ಚು ಕಿಲೋಮೀಟರ್ ರಸ್ತೆ ಮೋಟಾರುಗಳಿಗೆ ಮುಚ್ಚಿ ಜನರಿಗೆ ತೆರೆಯುತ್ತದೆ. ಕರ್ನಾಟಕದಲ್ಲೇ ಮೈಸೂರು 2017ರಲ್ಲಿ ಸುಮಾರು 450 ಸೈಕಲ್ಲುಗಳೊಡನೆ 'ಟ್ರಿಣ್ ಟ್ರಿಣ್' ಎಂಬ ಸಾರ್ವಜನಿಕ ಬಾಡಿಗೆಯ ಯೋಜನೆಯನ್ನು ಆರಂಭಿಸಿ ಮೇಲ್ಪಂಕ್ತಿ ಹಾಕಿತು.

'ಬಿಸಿಲು ಬಹಳ, ಬೀದಿ ಕಿರಿದು, ಸೈಕಲ್ಲು ಬಡವನ ವಾಹನ' ಎಂಬ ಆಕ್ಷೇಪಗಳು ಏಳುವುದು ಸಹಜ. ಬಿಸಿಲಿಗೆ ಸಾಲುಮರವೇ ಉತ್ತರ. ಬೀದಿ ಕಿರಿದಾಗಿದ್ದಷ್ಟೂ ಕಡಿಮೆ ಜಾಗ ಬೇಡುವ ವಾಹನಕ್ಕೇ ಅಲ್ಲಿ ಮನ್ನಣೆ ಸಲ್ಲಬೇಕು. ಒಂದು ಕಾರು ನಿಲ್ಲುವ ಸ್ಥಳದಲ್ಲಿ ಎಂಟು ಹತ್ತು ಸೈಕಲ್ಲುಗಳು ನಿಲ್ಲುತ್ತವೆ. ಇನ್ನು ಬಡವನ ವಾಹನವೆಂಬುದು ನಿಜವಾದರೆ, ತೆರಿಗೆಯ ಹಣದ ಮೊದಲ ಪಾಲು ಅದಕ್ಕೆ ಸಲ್ಲುವುದೇ ನ್ಯಾಯ.

ಪಾಲಿಕೆಯು ಕೂಡಲೇ ಮಾಡಬಹುದಾದ ಕಾರ್ಯಗಳು ದುಬಾರಿಯವಲ್ಲ. ಶಾಲೆಗಳ ಸುತ್ತಣ ಬೀದಿಗಳಲ್ಲಿ ವಾಹನಗಳ ವೇಗವನ್ನು ತಗ್ಗಿಸುವುದು. ವಿಶಾಲವಾದ ರಸ್ತೆಗಳಲ್ಲಿ ಕಲ್ಲಿನ ಅಂಚುಗಟ್ಟಿ ಸೈಕಲ್ಲಿಗೆ ಪ್ರತ್ಯೇಕ ಹಾದಿ ಬಿಡುವುದು. ಸಂತೆ, ಬಸ್ ನಿಲ್ದಾಣ, ಕಚೇರಿಗಳೆದುರು ನೆರಳಿನ ಸ್ಟ್ಯಾಂಡು ಕಟ್ಟಿಸುವುದು. ಭಾನುವಾರ ಮುಂಜಾನೆ ಒಂದು ದೀರ್ಘವಾದ ರಸ್ತೆಯನ್ನು ಪಟುಗಳಿಗೂ ಮಕ್ಕಳಿಗೂ ಮೀಸಲಿಡುವುದು. ಆಯವ್ಯಯದಲ್ಲಿ ಇದಕ್ಕೆಂದೇ ಒಂದು ಬಾಬನ್ನು ತೆರೆಯುವುದು.

ಕೇಳದೆ ಕೊಡುವ ಆಡಳಿತ ವಿರಳ. ಕೇಳುವವರು ಲೆಕ್ಕವಿಟ್ಟು ಕೇಳಬೇಕು. ಪ್ರೌಢಶಾಲೆಯ ವಿದ್ಯಾರ್ಥಿಗಳು ತಮ್ಮ ಶಾಲೆಗೆ ಬರುವ ಸೈಕಲ್ಲುಗಳನ್ನು ಒಂದು ವಾರ ಎಣಿಸಿ, ಬರುವ ದಾರಿಗಳ ನಕ್ಷೆ ಬರೆದು, ಅಪಾಯದ ತಿರುವುಗಳನ್ನು ಅದರಲ್ಲಿ ಗುರುತಿಸಬಹುದು. ಆ ನಕ್ಷೆಯು ಉಪಾಧ್ಯಾಯರ, ಪೋಷಕರ ಸಹಿಯೊಡನೆ ಆಯವ್ಯಯದ ಸಭೆಗೆ ಮುಂಚಿತವಾಗಿಯೇ ವಾರ್ಡಿನ ಸದಸ್ಯರ ಕೈಸೇರಿದರೆ, ಅದು ಬರಿಯ ಬೇಡಿಕೆಯಾಗಿ ಉಳಿಯದೆ ಪ್ರಮಾಣವಾಗುತ್ತದೆ. ಗಣಿತ, ಭೂಗೋಳ, ಪೌರನೀತಿ ಎಂಬ ಮೂರು ಪಾಠಗಳೂ ಆ ಒಂದು ಹಾಳೆಯಲ್ಲಿ ಕೈಗೂಡುತ್ತವೆ.