ಗುಳಿಗೆ ಇಟ್ಟಾಯಿತೆಂದು ಕೂರಬೇಡಿ

ದೂರದ ಹಳ್ಳಿಗಳಿಗೆ ಕೆಲಸಕ್ಕೆ ಹೊರಟಿರುವ ಯುವ ವೈದ್ಯರಿಗೆ, ನರ್ಸ್‌ಗಳಿಗೆ ಒಂದು ಮಾತು. ಮಲೇರಿಯಾ ಬಂದ ಮಗು ಮಂಪರಿನಲ್ಲಿದ್ದರೆ, ಫಿಟ್ಸ್ ಬಂದರೆ, ಹಾಲು ಕುಡಿಯದಿದ್ದರೆ, ಕುಡಿದದ್ದನ್ನೆಲ್ಲ ಕಕ್ಕುತ್ತಿದ್ದರೆ ಬಾಯಿಗೆ ಮಾತ್ರೆ ಹಾಕಿ ಕಾಯುವಂತಿಲ್ಲ. ಇಂಜೆಕ್ಷನ್ ಸಿಗುವ ಆಸ್ಪತ್ರೆ ದೂರವಿದ್ದರೆ, 6 ವರ್ಷದೊಳಗಿನ ಮಕ್ಕಳಿಗೆ ಗುದದ್ವಾರದಲ್ಲಿಡುವ ಆರ್ಟಿಸುನೇಟ್ ಗುಳಿಗೆಯಿದೆ. ಅರ್ಧ ಗಂಟೆಯೊಳಗೆ ಅದು ಹೊರಬಂದರೆ ಇನ್ನೊಂದು ಇಡಿ.

ಆದರೆ ಆ ಗುಳಿಗೆ ದಾರಿಯ ಬುತ್ತಿ ಮಾತ್ರ. ಜ್ವರ ಇಳಿದು ಮಗು ಕಣ್ಣುಬಿಟ್ಟಾಗ ಮನೆಯವರು "ಗುಣವಾಯಿತಲ್ಲ, ಇನ್ನೇಕೆ ಆಸ್ಪತ್ರೆ?" ಎನ್ನುತ್ತಾರೆ. ಅಪಾಯ ಇರುವುದೇ ಅಲ್ಲಿ. ಕಾಂಗೋ, ನೈಜೀರಿಯಾ, ಉಗಾಂಡಾಗಳಲ್ಲಿ ಗುಳಿಗೆಯನ್ನು ಹಳ್ಳಿಹಳ್ಳಿಗೂ ತಲುಪಿಸಿದರೂ ಸಾವು ತಗ್ಗಿದ್ದು ಕಾಣಲಿಲ್ಲ; ಎಷ್ಟೋ ಮಕ್ಕಳಿಗೆ ಮುಂದಿನ ಚಿಕಿತ್ಸೆ ಪೂರ್ತಿಯಾಗಿ ಸಿಕ್ಕಿರಲಿಲ್ಲ. ಜಾಂಬಿಯಾದ ಸೆರೆಂಜೆಯಲ್ಲಿ ಊರಿನ ಸ್ವಯಂಸೇವಕರು ಗುಳಿಗೆಯ ಜೊತೆಗೆ ಸೈಕಲ್ ಆಂಬುಲೆನ್ಸನ್ನೂ ಇಟ್ಟುಕೊಂಡರು. ಅಲ್ಲಿ ಸಾವು ಬಹಳ ಇಳಿಯಿತು. ನನ್ನ ಮಟ್ಟಿಗೆ ಆ ಸೈಕಲ್ಲೂ ಔಷಧವೇ.

ಆಸ್ಪತ್ರೆಯಲ್ಲಿ ಆರ್ಟಿಸುನೇಟ್ ಇಂಜೆಕ್ಷನ್ ಕೊಡಿ. ಕ್ವಿನೈನ್‌ಗಿಂತ ಅದೇ ಮೇಲೆಂದು ಆಫ್ರಿಕಾದ 9 ದೇಶಗಳ 5,425 ಮಕ್ಕಳ ಅಧ್ಯಯನ 2010ರಲ್ಲೇ ತೋರಿಸಿತು. 20 ಕೆ.ಜಿ.ಗಿಂತ ಕಡಿಮೆ ತೂಕದ ಮಗುವಿಗೆ ಕೆ.ಜಿ.ಗೆ 3 ಮಿಲಿಗ್ರಾಂ. ಕನಿಷ್ಠ 24 ಗಂಟೆ ಇಂಜೆಕ್ಷನ್, ಆಮೇಲೆ 3 ದಿನದ ಮಾತ್ರೆ ಪೂರ್ತಿ. ರಕ್ತದ ಸಕ್ಕರೆಯನ್ನು ಮತ್ತೆ ಮತ್ತೆ ನೋಡಿ.

ಊರಿಗೆ ಕಾಲಿಟ್ಟ ದಿನವೇ ವಿಚಾರಿಸಿಕೊಳ್ಳಿ: ನಡುರಾತ್ರಿ ಗಾಡಿ ಕೊಡುವವರು ಯಾರು?