ಪುಸ್ತಕದಲ್ಲಿಲ್ಲದ ಮಾತು

ಸರ್ಕಸ್ಸನ್ನು ನೋಡುವುದಕ್ಕೆ ಭಾಷೆ ಬೇಡ. ತೂಗುಯ್ಯಾಲೆಯಿಂದ ಕೈಬಿಟ್ಟವನನ್ನು ಎದುರಿನವನು ಹಿಡಿಯುವನೋ ಇಲ್ಲವೋ ಎಂದು ಉಸಿರು ಬಿಗಿಹಿಡಿಯುವಾಗ ಕನ್ನಡಿಗ, ಮರಾಠಿಗ ಎಂಬ ಭೇದವಿಲ್ಲ. ಭಾರತೀಯರೇ ಕಟ್ಟಿದ ಮೊದಲನೆಯ ಸರ್ಕಸ್ಸು, ವಿಷ್ಣುಪಂತ ಛತ್ರೆಯವರದು, 1880ರಲ್ಲಿ ಪ್ರದರ್ಶನವನ್ನಿತ್ತಿತು. ಭರತನಾಟ್ಯದಲ್ಲಿ ಹಾಡಿನ ಭಾಷೆ ತಿಳಿಯದಿದ್ದರೂ ಹಸ್ತಗಳೂ ಕಣ್ಣುಗಳೂ ಬಹುಮಟ್ಟಿಗೆ ಅರ್ಥವನ್ನು ತಿಳಿಸಿಬಿಡುತ್ತವೆ. ಯಕ್ಷಗಾನವು ಮಾತ್ರ ನಮ್ಮನ್ನು ಅಷ್ಟು ಸುಲಭವಾಗಿ ಬಿಡಲಿಲ್ಲ.

ಕರಾವಳಿಯ ಮೇಳಗಳು ಪತ್ತನಾಜೆಯ ವೇಳೆಗೆ ಗೆಜ್ಜೆ ಬಿಚ್ಚಿ ತಿರುಗಾಟವನ್ನು ಮುಗಿಸುತ್ತವೆ. ಬಳಿಕ ಮಳೆಗಾಲದಲ್ಲಿ ಕಲಾವಿದರು ಮುಂಬಯಿಗೆ ಬಂದು ಸಭಾಗೃಹಗಳಲ್ಲಿ ಆಟವಾಡುವುದು ರೂಢಿ. ಅಂತಹ ಒಂದು ‘ವಾಲಿವಧೆ’ಗೆ ನಮ್ಮ ತರಗತಿಯವರು ಹೋದೆವು. ಪಾಠದಂತೆ ಹಿಂಬಾಲಿಸೋಣವೆಂದು ಪ್ರಸಂಗದ ಪುಸ್ತಕವನ್ನೂ ಒಯ್ದಿದ್ದೆವು. ಭಾಗವತರು ಹಾಡಿದ ಪದಗಳು ಅದರಲ್ಲಿ ಒಂದೊಂದಾಗಿ ಸಿಕ್ಕಿದವು. ಆದರೆ ಬಾಣ ತಗಲಿ ಬಿದ್ದ ವಾಲಿಯು ಬಾಯ್ದೆರೆದು ಕಾಲು ಗಂಟೆ ಮಾತನಾಡಿದರೂ, ಪುಸ್ತಕದಲ್ಲಿ ಅದರ ಒಂದು ವಾಕ್ಯವೂ ಕಾಣಲಿಲ್ಲ. ಪುಟವೇ ಹರಿದುಹೋಗಿರಬೇಕೆಂದು ಬಗೆದೆವು. ಪಕ್ಕದಲ್ಲಿದ್ದ ಹಿರಿಯರೊಬ್ಬರು ನಕ್ಕು, “ಪುಸ್ತಕ ಮಡಚಿಡಿ ಮಕ್ಕಳೇ. ಅದರಲ್ಲಿರುವುದು ಪದ ಮಾತ್ರ. ಅರ್ಥ ಹೇಳುವುದು ವೇಷಧಾರಿಯ ಸ್ವಂತದ್ದು” ಎಂದರು.

ಯಕ್ಷಗಾನದ ವೈಶಿಷ್ಟ್ಯವು ಇಲ್ಲಿಯೇ ಇದೆ. ಕವಿಯು ಹಾಡನ್ನು ಕೊಡುತ್ತಾನೆ. ಗದ್ಯವನ್ನು ಪಾತ್ರಧಾರಿಯು ಅಲ್ಲಿಯೇ ಕಟ್ಟಬೇಕು. ಆದುದರಿಂದ ಒಂದು ರಾತ್ರಿಯ ವಾಲಿಯು ಮರುರಾತ್ರಿಯ ವಾಲಿಯಲ್ಲ. ಆದರೆ ಬರಿಯ ಬಾಯಿಯಿಂದ ಈ ಗದ್ಯವು ಹುಟ್ಟದು. ‘ಇನ್ನೊಬ್ಬನೊಡನೆ ಹೋರಾಡುತ್ತಿದ್ದ ನನ್ನನ್ನು ಮರೆಯಲ್ಲಿ ನಿಂತು ಏಕೆ ಹೊಡೆದೆ? ನನ್ನನ್ನು ಕೇಳಿದ್ದರೆ ಸೀತೆಯನ್ನು ನಾನೇ ತಂದೊಪ್ಪಿಸುತ್ತಿರಲಿಲ್ಲವೆ?’ ಎಂಬ ವಾಲಿಯ ವಾದವು ವಾಲ್ಮೀಕಿಯ ಕಿಷ್ಕಿಂಧಾಕಾಂಡದಲ್ಲಿದೆ. ಓದದವನು ಅದನ್ನು ಆಡಲಾರನು. ನಾವು ಗ್ರಂಥಾಲಯಕ್ಕೆ ಹೋದುದು ಆಟವನ್ನು ನೋಡಿದ ಮೇಲೆಯೇ ಎಂಬುದನ್ನು ಮುಚ್ಚಿಡಲಾರೆವು. ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ವು, 1959ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ಗ್ರಂಥವು, ಅಲ್ಲಿಯವರೆಗೆ ನಮಗೆ ಪ್ರಶ್ನಪತ್ರಿಕೆಯ ಒಂದು ಹೆಸರಾಗಿತ್ತು, ಅಷ್ಟೆ.

ಅನಂತರ ಶಾಲೆಯಲ್ಲಿ ತಾಳಮದ್ದಳೆಯನ್ನು ಮಾಡಲು ಹೊರಟೆವು. ಅದರಲ್ಲಿ ವೇಷವಿಲ್ಲ, ಕುಣಿತವಿಲ್ಲ; ಕುಳಿತು ಅರ್ಥ ಹೇಳುವುದಷ್ಟೆ. ಸುಲಭವೆಂದುಕೊಂಡಿದ್ದೆವು! ಪರೀಕ್ಷೆಯಲ್ಲಿ ಕನ್ನಡಕ್ಕೆ ಎಲ್ಲರಿಗಿಂತ ಹೆಚ್ಚು ಅಂಕ ಪಡೆದವನೇ ನಮ್ಮ ವಾಲಿ. ಮೂರು ವಾಕ್ಯಗಳನ್ನು ಗಂಭೀರವಾಗಿ ಆಡಿ, ನಾಲ್ಕನೆಯದರಲ್ಲಿ “ಮತಲಬ್...” ಎಂದು ನಿಂತುಬಿಟ್ಟನು. ನಾವು ನಕ್ಕೆವು. ಆದರೆ ಸರದಿ ಬಂದಾಗ ನಮ್ಮಲ್ಲಿ ಯಾರೂ ಐದನೆಯ ವಾಕ್ಯವನ್ನು ಮುಟ್ಟಲಿಲ್ಲ. ನಮ್ಮಲ್ಲಿ ಹಲವರ ಮನೆಮಾತು ತುಳು. ಬೀದಿಯಲ್ಲಿ ಹಿಂದಿ, ಮರಾಠಿ. ಕನ್ನಡದಲ್ಲಿ ನಾವು ಉತ್ತರ ಬರೆದಿದ್ದೆವು. ಎದುರಿನವನನ್ನು ಒಪ್ಪಿಸುವುದಕ್ಕಾಗಿ ಅದನ್ನು ಎಂದೂ ಬಳಸಿರಲಿಲ್ಲ. ಇದು ತಿಳಿದಾಗ ನಗೆಯು ತಾನಾಗಿಯೇ ನಿಂತಿತು.

ಮರುವಾರ ವಾಲಿಯು ಓದಿಕೊಂಡು ಬಂದು ಹತ್ತು ನಿಮಿಷ ವಾದಿಸಿದನು. ‘ತಮ್ಮನ ಮಡದಿಯನ್ನು ಅಪಹರಿಸಿದವನಿಗೆ ಇದೇ ದಂಡನೆ’ ಎಂಬ ರಾಮನ ಉತ್ತರವು ನಮ್ಮ ರಾಮನಿಗೆ ಹೊಳೆಯಲೇ ಇಲ್ಲ, ವಧೆಯಾಗಬೇಕಾದವನು ಗೆದ್ದನು. ಗುರುಗಳು ತಿದ್ದಲಿಲ್ಲ. ಈಗ ಕಿಷ್ಕಿಂಧಾಕಾಂಡವು ರಾಮನ ಮನೆಯಲ್ಲಿದೆ. ವಾಲಿಯು ಶನಿವಾರಕ್ಕಾಗಿ ಕಾಯುತ್ತಿದ್ದಾನೆ.