ಮಹಾಕೂಟದ ಹೊಂಡದ ದಂಡೆಯಿಂದ

ಮಗಳೆ,

ಅವ್ವ ಲಿಂಗೈಕ್ಯಳಾದ ಮೇಲೆ ಪೂಜೆಗೆ ಕುಳಿತರೆ ಅಂಗೈಯಲ್ಲಿರುವ ಇಷ್ಟಲಿಂಗ ಬರಿಯ ಕಲ್ಲೆಂದೇ ತೋರುತ್ತದೆ, ದೇವರನ್ನು ಇನ್ನೆಲ್ಲಿ ಅರಸಲಿ ಎಂದು ಬರೆದಿರುವೆ. ಅದನ್ನು ಅಪಚಾರವೆಂದು ನಾನು ಹೇಳಲಾರೆ. ನಿನ್ನ ದೊಡ್ಡವ್ವ ತೀರಿಕೊಂಡ ವರ್ಷ ನಾನೂ ಇದೇ ಮಾತನ್ನಾಡಿದ್ದೆ.

ಆ ಬೇಸಗೆಯಲ್ಲಿ ಒಂದು ದಿನ, ಮನೆಯಲ್ಲಿರಲಾರದೆ, ಬಾದಾಮಿಯಿಂದ ಗುಡ್ಡದ ಕಾಲುದಾರಿಯನ್ನು ಹಿಡಿದು ಮಹಾಕೂಟಕ್ಕೆ ನಡೆದು, ವಿಷ್ಣು ಪುಷ್ಕರಿಣಿಯ ಮೆಟ್ಟಿಲ ಮೇಲೆ ಕುಳಿತೆನು. ಸುತ್ತಣ ಹೊಲಗಳು ಬಿರುಕುಬಿಟ್ಟು ಮುಂಗಾರನ್ನು ಕಾಯುತ್ತಿದ್ದರೂ ಗುಡ್ಡದ ಒಡಲಿನ ಸೆಲೆಯಿಂದ ಒಸರಿದ ಜಲವು ಅಲ್ಲಿ ತಿಳಿಯಾಗಿ ತುಂಬಿ ನಿಂತಿದ್ದಿತು. ಹೊಂಡದೊಳಗಿನ ಪುಟ್ಟ ಮಂಟಪದಲ್ಲಿರುವ ಮುಖಲಿಂಗವನ್ನು ಹತ್ತಿರದಿಂದ ಕಾಣಬೇಕಾದರೆ ನೀರಿಗಿಳಿಯಲೇಬೇಕು. ಇಳಿದೆನು. ಮಂಟಪದ ಕಲ್ಲನ್ನು ಹಿಡಿದು, ಒದ್ದೆಗೈಯಿಂದ ಆ ತಣ್ಣನೆಯ ಶಿಲಾಮುಖವನ್ನು ಸ್ಪರ್ಶಿಸಿದೊಡನೆ, ತಿಂಗಳುಗಟ್ಟಲೆ ಎದೆಯಲ್ಲಿ ಕಟ್ಟಿದ್ದ ಅಳು ಒಡೆಯಿತು. ಅಳುತ್ತಿರುವಾಗಲೇ ನನಗೊಂದು ತಿಳಿಯಿತು: ಅವಳಿಗಾಗಿ ಹಂಬಲಿಸುತ್ತಿದ್ದ ಆ ಪ್ರೀತಿ ಅವಳೊಡನೆ ಹೋಗಿರಲಿಲ್ಲ, ಅದನ್ನು ನಾನು ಮಾಡಿಕೊಂಡದ್ದೂ ಅಲ್ಲ, ನನಗಿಂತ ಆಳದಿಂದ ಅದು ಏರಿಬರುತ್ತಿದ್ದಿತು. ಆ ಆಳವನ್ನೇ ಅಲ್ಲವೆ, ಮಗಳೆ, ನಮ್ಮ ಹಿರಿಯರು ಪ್ರಾಣಲಿಂಗವೆಂದುದು?

ಈ ಕ್ಷೇತ್ರ ಎಷ್ಟೋ ವಿಯೋಗಗಳನ್ನು ಕಂಡಿದೆ. ಚಾಲುಕ್ಯ ಅರಸ ಒಂದನೆಯ ಪುಲಕೇಶಿಯೂ ಅವನ ಮಗ ಕೀರ್ತಿವರ್ಮನೂ ಗತಿಸಿ ಮಂಗಳೇಶನು ಆಳುತ್ತಿದ್ದಾಗ, ಕ್ರಿ.ಶ. 600ರ ಸುಮಾರಿನಲ್ಲಿ, ಪುಲಕೇಶಿಯ ರಾಣಿ ದುರ್ಲಭದೇವಿ ಇಲ್ಲಿಯ ಮಕುಟೇಶ್ವರನಾಥನಿಗೆ ದತ್ತಿಯನ್ನಿತ್ತಳು. ಅದನ್ನು ಸಾರುವ ಶಾಸನದ ಕಂಬವೂ ಈಗ ವಿಜಯಪುರದ ವಸ್ತುಸಂಗ್ರಹಾಲಯವನ್ನು ಸೇರಿದೆ. ಅರಸರು ಹೋದರು, ರಾಣಿ ಹೋದಳು, ಕಂಬವೂ ಊರು ಬಿಟ್ಟಿತು. ದೇವರಿಗೆ ಇಂದಿಗೂ ಪೂಜೆ ನಡೆದಿದೆ.

ಅಂತ್ಯಕ್ರಿಯೆಯ ದಿನ ಅವ್ವನ ಎಡಗೈಯಲ್ಲಿ ಅವಳ ಲಿಂಗವನ್ನಿರಿಸಿ ಬಿಲ್ವಪತ್ರೆ ಏರಿಸಿದುದನ್ನು ನೀನು ಕಣ್ಣಾರೆ ಕಂಡೆ. ದೀಕ್ಷೆಯಂದು ಗುರುವಿನಿಂದ ಬಂದುದು ಸಮಾಧಿಯವರೆಗೂ ಅವಳ ಕೈಬಿಡಲಿಲ್ಲ. ನಿನಗೆ ವಿಭೂತಿ ಧರಿಸಲು ಕಲಿಸಿದವಳೂ ಅವಳೇ. ನಿನ್ನ ಮೂರು ಬೆರಳುಗಳನ್ನು ತನ್ನ ಬೆರಳುಗಳೊಳಗೆ ಸೇರಿಸಿಕೊಂಡು, ಹಣೆಯ ಎಡದಿಂದ ಬಲಕ್ಕೆ ಮೆಲ್ಲನೆ ಎಳೆಯಿಸುತ್ತಿದ್ದುದನ್ನು ನಿಮ್ಮ ಪಡಸಾಲೆಯಲ್ಲಿ ಕುಳಿತು ನಾನು ಎಷ್ಟು ಸಲ ನೋಡಿಲ್ಲ! ನಾಳೆ ಪೂಜೆ ಮಾಡಲು ಮನಸ್ಸಾಗದಿದ್ದರೆ ಬೇಡ. ವಿಭೂತಿಯನ್ನಷ್ಟೇ ಧರಿಸು, ಧರಿಸುವಾಗ ನಿನ್ನ ಕೈಯನ್ನು ನಡೆಸುವವರಾರೆಂದು ಗಮನವಿಟ್ಟು ನೋಡು. ಬೇಗ ಮರೆತುಬಿಡು ಎಂದು ಯಾರಾದರೂ ಬುದ್ಧಿ ಹೇಳಿದರೆ ಕೇಳಬೇಡ. ಮರೆತವರಿಗೆ ಆ ಸೆಲೆ ಸಿಕ್ಕುವುದಿಲ್ಲ.

ಬೇಸಗೆ ಮುಗಿಯುವ ಮುನ್ನ ಒಮ್ಮೆ ಬಾ. ಗುಡ್ಡದ ದಾರಿಯನ್ನು ನಾನು ಈಗಲೂ ನಡೆಯಬಲ್ಲೆ. ಬೆಳಕು ಹರಿಯುವ ಮುಂಚೆಯೇ ಇಬ್ಬರೂ ಹೊರಡೋಣ. ಒಂದು ಸೀರೆ ಹೆಚ್ಚಿಗೆ ತೆಗೆದುಕೊಂಡು ಬಾ, ನೀರಿಗಿಳಿಯಬೇಕು.

ನಿನ್ನ ದೊಡ್ಡಪ್ಪ